ಸೂರ್ಯನಿಗೆ ಬೆನ್ನು ಹಾಕಿ ಒಂದು ಫೋಟೋ

ಈ ಚಳಿಗಾಲದಲ್ಲಿ ನನ್ನ ಫೋನಿಗೆ ಬಂದು ಬಿದ್ದ ಡ್ರೋನ್ ಫೋಟೋಗಳನ್ನೆಲ್ಲ ಸಾಲಾಗಿ ಇಟ್ಟರೆ ಯಾವುದು ಮುಳ್ಳಯ್ಯನಗಿರಿ, ಯಾವುದು ಮಧುಗಿರಿ, ಯಾವುದು ಮಡಿಕೇರಿ ಅಂತ ಹೇಳೋದು ಕಷ್ಟ. ನಡುವೆ ಒಂದು ಕಿತ್ತಳೆ ಸೂರ್ಯ, ಕೆಳಗೆ ಹತ್ತಿಯಂಥ ಮಂಜು, ಅದರೊಳಗಿಂದ ತಲೆ ಎತ್ತಿದ ಕಪ್ಪು ಗುಡ್ಡ. ಚೆನ್ನಾಗಿಲ್ಲ ಅಂತಲ್ಲ. ನಾನೂ ಇಂಥವನ್ನು ನೂರಾರು ತೆಗೆದಿದ್ದೇನೆ, ಎಲ್ಲರಿಗೂ ಕಳಿಸಿ 'ಸೂಪರ್' ಅನ್ನಿಸಿಕೊಂಡಿದ್ದೇನೆ :-) ಆದರೆ ಈಗ ನನಗನ್ನಿಸೋದು ಇಷ್ಟು: ಕೈಯಲ್ಲಿ ಡ್ರೋನ್ ಇದ್ದೂ ಬೆಳಗಿನ ಹೊತ್ತು ಸೂರ್ಯನ ಕಡೆಗೇ ಕ್ಯಾಮೆರಾ ತಿರುಗಿಸೋದು ಶುದ್ಧ ದಂಡ.

ಮೊದಲನೇದಾಗಿ, ಈ ಪುಟ್ಟ ಡ್ರೋನುಗಳ ಸೆನ್ಸರ್ ಚಿಕ್ಕದು. ಸೂರ್ಯನಿಗೆ ಹೊಂದಿಸಿದರೆ ನೆಲ ಕಪ್ಪಗಾಗುತ್ತೆ, ನೆಲಕ್ಕೆ ಹೊಂದಿಸಿದರೆ ಆಕಾಶ ಬಿಳುಚಿಕೊಳ್ಳುತ್ತೆ. ಸರಿ, ಬೇರೆ ಬೇರೆ ಬೆಳಕಿನಲ್ಲಿ ಮೂರೋ ಐದೋ ತೆಗೆದು ಕಂಪ್ಯೂಟರಿನಲ್ಲಿ ಬೆಸೆದರೆ ಕೊನೆಗೆ ಸಿಗೋದು ದಿನಸಿ ಅಂಗಡಿಯ ಕ್ಯಾಲೆಂಡರು. ಸೂರ್ಯನನ್ನು ನೋಡೋಕೆ ಮೇಲೆ ಹಾರಬೇಕಾಗೂ ಇಲ್ಲ. 120 ಮೀಟರ್ ಏರಿದರೆ ಬಯಲುಸೀಮೆಯಲ್ಲಿ ಸೂರ್ಯ ಕೆಳಗೆ ನಿಂತವರಿಗಿಂತ ಒಂದು ನಿಮಿಷದ ಮೇಲೆ ಸ್ವಲ್ಪ ಮೊದಲು ಕಾಣುತ್ತಾನೆ, ಅಷ್ಟೇ. (ಸಂಜೆ ಇದೇ ಲೆಕ್ಕ ಉಲ್ಟಾ. ಒಮ್ಮೆ ಮುಳುಗಿದವನನ್ನು ಡ್ರೋನ್ ಏರಿಸಿ ಮತ್ತೆ ಹಿಡಿದು ಎರಡನೇ ಸಲ ಮುಳುಗಿಸಬಹುದು. ಮಕ್ಕಳಿಗೆ ತೋರಿಸಿ, ಖುಷಿಪಡ್ತಾರೆ.)

ಮೇಲಿನಿಂದ ಮಾತ್ರ ಕಾಣುವಂಥದ್ದು ಬೇರೆಯೇ ಇದೆ. ಅದು ನೆರಳು. ಸೂರ್ಯ ದಿಗಂತದಿಂದ 5 ಡಿಗ್ರಿ ಮೇಲಿದ್ದಾಗ ಒಂದು ಅಡಿ ಎತ್ತರದ ಬದು ಹನ್ನೊಂದು ಅಡಿ ನೆರಳು ಚೆಲ್ಲುತ್ತೆ. 45 ಡಿಗ್ರಿಗೆ ಬರೋ ಹೊತ್ತಿಗೆ ಅದು ಒಂದೇ ಅಡಿ. ನಾವು ನಿಂತು ನೋಡಿದಾಗ ಚಪ್ಪಟೆಯಾಗಿ ಕಾಣೋ ನೆಲದಲ್ಲಿ ಎಷ್ಟು ಏರಿಳಿತ ಇದೆ ಅಂತ ಆಗ ಗೊತ್ತಾಗುತ್ತೆ. ಆದರೆ ನಮ್ಮ ಕಡೆ ಸೂರ್ಯ ಸರಸರ ಮೇಲೇರುವವನು. ಹುಟ್ಟಿ ಇಪ್ಪತ್ತು ನಿಮಿಷಕ್ಕೇ ಆ 5 ಡಿಗ್ರಿ ಮುಗಿದಿರುತ್ತೆ, ಹೆಚ್ಚುಕಡಿಮೆ ಒಂದು ಬ್ಯಾಟರಿಯ ಆಯುಷ್ಯ. ಆ ಇಪ್ಪತ್ತು ನಿಮಿಷವನ್ನು ಕಿತ್ತಳೆ ಉಂಡೆಗೆ ಖರ್ಚು ಮಾಡ್ತೀವಲ್ಲ ಅನ್ನೋದೇ ನನ್ನ ಸಂಕಟ.

ಇದು ನಾನು ಕಂಡುಹಿಡಿದದ್ದೇನೂ ಅಲ್ಲ. ಇಂಗ್ಲೆಂಡಿನ ಓ.ಜಿ.ಎಸ್. ಕ್ರಾಫರ್ಡ್ ಮತ್ತು ಅಲೆಕ್ಸಾಂಡರ್ ಕೀಲರ್ 1924ರಲ್ಲಿ ವಿಮಾನದಿಂದ ಫೋಟೋ ತೆಗೆದು, 1928ರಲ್ಲಿ 'ವೆಸೆಕ್ಸ್ ಫ್ರಮ್ ದಿ ಏರ್' ಅಂತ ಪುಸ್ತಕ ಮಾಡಿದರು. ನೆಲದ ಮೇಲೆ ನಡೆದಾಡುವವರ ಕಣ್ಣಿಗೆ ಬೀಳದ ಹಳೇ ಹೊಲಗಳ ಗೆರೆ, ಮಣ್ಣಿನ ದಿಬ್ಬಗಳೆಲ್ಲ ಇಳಿಬಿಸಿಲಿನ ನೆರಳಲ್ಲಿ ಎದ್ದು ಬರುತ್ತವೆ ಅಂತ ಪುರಾತತ್ವದವರಿಗೆ ಆಗಿನಿಂದಲೂ ಗೊತ್ತು.

ನನಗೆ ಗೊತ್ತಾಗಿದ್ದು ನಮ್ಮೂರಿನಲ್ಲಿ. ತಿಪಟೂರು ಕಡೆಯ ಒಂದು ಹಳ್ಳಿ, ತೆಂಗು, ರಾಗಿ, ಒಂದು ಕೆರೆ. ಕೆರೆಯಾಚೆ ಬೀಳು ಬಿದ್ದ ನೆಲಕ್ಕೆ ಹಾಳೂರು ಅಂತಾರೆ. ನಮ್ಮ ಹಿಂದಿನವರು ಅಲ್ಲಿದ್ದರಂತೆ, ಪ್ಲೇಗ್ ಬಂದಾಗ ಬಿಟ್ಟು ಈಚೆ ಬಂದರಂತೆ. ಅಪ್ಪ ಹೇಳೋದನ್ನು ಚಿಕ್ಕಂದಿನಿಂದ ಕೇಳಿದ್ದೆ, ನಂಬಿರಲಿಲ್ಲ. ಅಲ್ಲಿರೋದು ಒಂದು ಹನುಮಂತನ ಕಲ್ಲು, ಉಳಿದದ್ದು ಹುಲ್ಲು.

ಒಂದು ಮಾರ್ಚ್ ತಿಂಗಳ ಬೆಳಿಗ್ಗೆ ತೆಂಗಿನ ತೋಟದ ನೆರಳು ತೆಗೆಯೋಣ ಅಂತ ಹಾರಿಸಿದೆ. ಸೋಗೆಗಳ ನೆರಳು ಮೇಲಿನಿಂದ ಉದ್ದ ಕಾಲಿನ ಜೇಡಗಳ ಹಾಗೆ ಕಾಣುತ್ತೆ. ವಾಪಸ್ ತರುವಾಗ ಹಾಳೂರಿನ ಮೇಲೆ ನಾಲ್ಕಾರು ತೆಗೆದೆ. ಮನೆಗೆ ಬಂದು ನೋಡಿದರೆ ಹುಲ್ಲಿನಲ್ಲಿ ಉತ್ತರ ದಕ್ಷಿಣವಾಗಿ ಗೆರೆಗಳು! ಬರೀ ಅಷ್ಟೇ, ಅಡ್ಡ ಗೆರೆ ಒಂದೂ ಇಲ್ಲ. ಉಳುಮೆಯ ಗುರುತು ಇರಬೇಕು ಅಂದುಕೊಂಡೆ. ಆಮೇಲೆ ಹೊಳೀತು, ಮಾರ್ಚಿನಲ್ಲಿ ಸೂರ್ಯ ನೇರ ಪೂರ್ವಕ್ಕೆ ಹುಟ್ಟುತ್ತಾನೆ, ಪೂರ್ವ ಪಶ್ಚಿಮದ ಗೋಡೆಗೆ ನೆರಳು ಬೀಳೋದು ಎಲ್ಲಿಂದ? ಡಿಸೆಂಬರಿನವರೆಗೂ ಕಾದೆ. ಆಗ ಅವನು ಆಗ್ನೇಯದ ಕಡೆಗೆ ಸರಿದಿರುತ್ತಾನೆ. ಈ ಸಲ ಬರೀ 40 ಮೀಟರ್ ಎತ್ತರದಿಂದ, ಸೂರ್ಯನಿಗೆ ಬೆನ್ನು ಹಾಕಿ, ಕ್ಯಾಮೆರಾ ಪೂರ್ತಿ ಕೆಳಗೆ ಮಾಡಿ ತೆಗೆದೆ. ಅಡ್ಡ ಗೆರೆಗಳೂ ಬಂದವು, ಚೌಕಗಳು ಮುಚ್ಚಿಕೊಂಡವು. ಏಳೆಂಟು ಚೌಕ, ನಡುವೆ ಒಂದು ಓಣಿ.

ಅದು ಮನೆಗಳ ಬುನಾದಿಯೇ ಅಂತ ನಾನು ಪ್ರಮಾಣ ಮಾಡಲ್ಲ, ಅಗೆದು ನೋಡಿಲ್ಲ. ಅಪ್ಪನಿಗೆ ಮಾತ್ರ ಯಾವ ಸಂಶಯವೂ ಇರಲಿಲ್ಲ. ಕನ್ನಡಕ ಹಾಕಿಕೊಂಡು ಲ್ಯಾಪ್‌ಟಾಪಿನ ಮೇಲೆ ಬೆರಳಿಟ್ಟು, "ಇದು ಓಣಿ, ಇದು ಹಗೇವು ಇದ್ದ ಜಾಗ" ಅಂತ ತಾವು ಕಣ್ಣಾರೆ ಕಂಡವರ ಹಾಗೆ ಹೇಳುತ್ತಾ ಹೋದರು.

ಆವತ್ತು ಊರಿನವರು ಬೇರೆ ಓಡಿ ಬಂದಿದ್ದರು, "ಸರ್ವೆನಾ ಸ್ವಾಮಿ?" ಅಂತ. ಅವರ ಭಯ ಸುಳ್ಳಲ್ಲ. 2020ರಲ್ಲಿ ಶುರುವಾದ ಸ್ವಾಮಿತ್ವ ಯೋಜನೆಯಲ್ಲಿ ಹಳ್ಳಿಯ ಮನೆಗಳನ್ನು ಡ್ರೋನಿನಿಂದಲೇ ಅಳೆಯುತ್ತಾರೆ. ಮುಂದಿನ ಸಲದಿಂದ ಹಿಂದಿನ ಸಂಜೆಯೇ ಅರಳಿಕಟ್ಟೆಯಲ್ಲಿ ಹೇಳಿ ಹಾರಿಸಿದೆ.

ಹಕ್ಕಿಗಳಿಗೆ ಹಾಗೆ ಹೇಳೋಕಾಗಲ್ಲವಲ್ಲ, ಮತ್ತು ಬೆಳಗಿನ ಆ ಇಪ್ಪತ್ತು ನಿಮಿಷ ಅವಕ್ಕೂ ಬೇಕು. 2021ರ ಮೇ ತಿಂಗಳಲ್ಲಿ ಕ್ಯಾಲಿಫೋರ್ನಿಯಾದ ಬೋಲ್ಸಾ ಚೀಕಾದಲ್ಲಿ ಒಂದು ಡ್ರೋನ್ ಗೂಡುಗಳ ನಡುವೆ ಬಿದ್ದಿದ್ದಕ್ಕೆ ಟರ್ನ್ ಹಕ್ಕಿಗಳು ಸಾವಿರಕ್ಕೂ ಹೆಚ್ಚು ಮೊಟ್ಟೆ ಬಿಟ್ಟು ಹೊರಟೇಹೋದವು. ನಮ್ಮ ಭದ್ರಾ ಹಿನ್ನೀರಿನ ನಡುಗಡ್ಡೆಗಳಲ್ಲೂ ಬೇಸಿಗೆಯಲ್ಲಿ ಟರ್ನ್‌ಗಳು ಬರೀ ನೆಲದ ಮೇಲೆ ಮೊಟ್ಟೆಯಿಡುತ್ತವೆ. 'ಸನ್‌ಸೆಟ್ ಸಕ್ಕತ್ತಾಗಿರುತ್ತೆ, ಡ್ರೋನ್ ತಗೊಂಡು ಹೋಗೋಣ' ಅಂತ ಕರೆದ ಗೆಳೆಯನಿಗೆ ಬರಲ್ಲ ಅಂದೆ. ಮುನಿಸಿಕೊಂಡಿದ್ದಾನೆ, ಇರಲಿ.

ನಿಮ್ಮ ಹತ್ತಿರ ಡ್ರೋನ್ ಇದ್ದರೆ ಒಂದು ಸಲ ಸೂರ್ಯನನ್ನು ಬಿಟ್ಟು ನಿಮ್ಮೂರಿನ ಬೀಳು ನೆಲದ ಮೇಲೆ ತಿರುಗಿಸಿ ನೋಡಿ. ತಡ ಮಾಡಬೇಡಿ. ಹೋದ ತಿಂಗಳು ಹಾಳೂರಿಗೆ ಜೆಸಿಬಿ ಬಂತು, ತೆಂಗಿನ ಸಸಿ ಇಡೋಕೆ ಅಂತ ಎರಡೇ ದಿನದಲ್ಲಿ ನೆಲ ಮಟ್ಟ ಮಾಡಿದರು. ಜಮೀನು ಅವರದು, ತಪ್ಪು ಅನ್ನೋಕಾಗಲ್ಲ. ಮರುದಿನ ಬೆಳಿಗ್ಗೆ ಅಭ್ಯಾಸಬಲದಿಂದ ಹಾರಿಸಿದೆ. ಹನುಮಂತನ ಕಲ್ಲಿನ ನೆರಳು ಒಂದೇ ಉದ್ದಕ್ಕೆ ಬಿದ್ದಿತ್ತು.