ಕೈಗೆ ಬ್ಯಾಂಡು, ಮೇಜಿಗೆ ಟ್ಯಾಬು: ಕೊಳ್ಳುವ ಮುನ್ನ ಜೋಡಣೆ ನೋಡಿ

ವ್ಯಾಪಾರದಲ್ಲಿ ನುರಿತವರು ಸರಕಿನ ಬೆಲೆಯೊಂದನ್ನೇ ನೋಡಿ ಕೊಳ್ಳುವುದಿಲ್ಲ. ಪಂಪು ಕೊಳ್ಳುವವರು ಮೋಟಾರಿನ ಅಶ್ವಶಕ್ತಿ ಎಷ್ಟು, ಶಾಫ್ಟಿನ ಅಳತೆ ಏನು, ಕಪ್ಲಿಂಗ್ ಹೊಂದುತ್ತದೆಯೇ ಎಂದು ವಿಚಾರಿಸಿದ ಮೇಲೆಯೇ ಮುಂಗಡ ಕೊಡುತ್ತಾರೆ. ಆದರೆ ಇದೇ ಅನುಭವಿಗಳು ವಿದ್ಯುನ್ಮಾನ ಉಪಕರಣಗಳ ಅಂಗಡಿಗೆ ಕಾಲಿಟ್ಟೊಡನೆ ಈ ಎಚ್ಚರಿಕೆಯನ್ನು ಹೊರಗೇ ಬಿಟ್ಟು ಹೋಗುವುದು ಇತ್ತೀಚೆಗೆ ಕಂಡುಬರುತ್ತಿದೆ. ಕೈಗೆ ಕಟ್ಟುವ ಫಿಟ್‌ನೆಸ್ ಬ್ಯಾಂಡು ಮತ್ತು ಅದರ ಮಾಹಿತಿಯನ್ನು ನೋಡಲು ಟ್ಯಾಬ್ಲೆಟ್, ಇವೆರಡರ ಖರೀದಿಯಲ್ಲಿ ಇದು ವಿಶೇಷವಾಗಿ ಎದ್ದು ಕಾಣುತ್ತದೆ.

ಈ ಖರೀದಿಯ ಹಿಂದಿರುವ ಕಾರಣಗಳು ಸಮರ್ಥನೀಯವೇ ಆಗಿವೆ. ದಿನಕ್ಕೆ ಹತ್ತು ಹನ್ನೆರಡು ಗಂಟೆ ಗಾದಿಯ ಮೇಲೋ ಗಲ್ಲೆಯ ಮುಂದೋ ಕುಳಿತಿರುವುದು ನಮ್ಮ ವರ್ತಕರ ಜೀವನಕ್ರಮ. ಐವತ್ತು ದಾಟಿದವರಿಗೆ ವೈದ್ಯರು ನಡಿಗೆಯನ್ನು ವಿಧಿಸುತ್ತಾರೆ. ಮಕ್ಕಳು ಬ್ಯಾಂಡು ತಂದು ಕಟ್ಟುತ್ತಾರೆ. ಮೊಬೈಲಿನ ಸಣ್ಣ ಪರದೆಯಲ್ಲಿ ಅಂಕಿಗಳನ್ನು ಓದುವುದು ಚಾಳೀಸಿನ ಕಣ್ಣಿಗೆ ತ್ರಾಸದಾಯಕ. ಬಿಲ್ಲಿಂಗಿಗೆ, ದಾಸ್ತಾನು ಲೆಕ್ಕಕ್ಕೆ ಹೇಗೂ ಒಂದು ಟ್ಯಾಬ್ ಬೇಕು, ಅದರಲ್ಲೇ ಇದನ್ನೂ ನೋಡಿದರಾಯಿತು ಎಂಬ ಯೋಚನೆ ಸಹಜವಾಗಿಯೇ ಬರುತ್ತದೆ. ಯೋಚನೆಯಲ್ಲಿ ತಪ್ಪಿಲ್ಲ. ತಪ್ಪಿರುವುದು ಕೊಳ್ಳುವ ಕ್ರಮದಲ್ಲಿ. ಜೊತೆಯಾಗಿ ಕೆಲಸ ಮಾಡಬೇಕಾದ ಎರಡು ವಸ್ತುಗಳ ನಿಜವಾದ ಬೆಲೆ ಅವುಗಳ ಬಿಲ್ಲುಗಳ ಮೊತ್ತವಲ್ಲ. ಅವುಗಳ ನಡುವಿನ ಜೋಡಣೆ ನಿಂತುಹೋದರೆ ಆಗುವ ನಷ್ಟವನ್ನೂ ಅದಕ್ಕೆ ಸೇರಿಸಿ ನೋಡತಕ್ಕದ್ದು ಎಂಬುದು ಈ ಲೇಖಕನ ಅಭಿಪ್ರಾಯ.

ಈ ಜೋಡಣೆಯ ಸ್ವರೂಪವನ್ನು ಮೊದಲು ತಿಳಿಯಬೇಕು. ಬ್ಯಾಂಡು ಹೆಜ್ಜೆಗಳನ್ನೂ ನಾಡಿಬಡಿತವನ್ನೂ ತನ್ನೊಳಗೆ ಕೆಲವು ದಿನಗಳ ಮಟ್ಟಿಗೆ ಮಾತ್ರ ಶೇಖರಿಸಿಡುತ್ತದೆ. ಅಲ್ಲಿಂದ ಬ್ಲೂಟೂತ್ ಮೂಲಕ ಕಂಪನಿಯ ಆ್ಯಪ್ ಇರುವ ಉಪಕರಣಕ್ಕೆ, ಅಲ್ಲಿಂದ ಅಂತರ್ಜಾಲದ ಮೂಲಕ ಕಂಪನಿಯ ಸರ್ವರಿಗೆ ಮಾಹಿತಿ ಸಾಗುತ್ತದೆ. ಇಲ್ಲಿ ಎರಡು ಬೇರೆ ಬೇರೆ ಕಾರ್ಯಗಳಿವೆ. ಬ್ಯಾಂಡಿನಿಂದ ಮಾಹಿತಿಯನ್ನು ಸೆಳೆದುಕೊಳ್ಳುವುದು ಒಂದು. ಹಾಗೆ ಸೆಳೆದಿಟ್ಟ ಮಾಹಿತಿಯನ್ನು ನೋಡುವುದು ಇನ್ನೊಂದು. ಎಲ್ಲ ಟ್ಯಾಬುಗಳೂ ಮೊದಲ ಕಾರ್ಯವನ್ನು ಮಾಡಲಾರವು. "ಬ್ಲೂಟೂತ್ ಇದೆ, ಆದ್ದರಿಂದ ಕೂಡುತ್ತದೆ" ಎಂಬ ಮಾರಾಟಗಾರನ ಮಾತು ಅರ್ಧಸತ್ಯ. ಬ್ಯಾಂಡುಗಳಿಗೆ ಬೇಕಾದದ್ದು 2010ರಲ್ಲಿ ಬ್ಲೂಟೂತ್ 4.0ರೊಡನೆ ಬಂದ ಕಡಿಮೆ ವಿದ್ಯುತ್ತಿನ ವಿಧಾನ. ಅದರ ಜೊತೆಗೆ ಟ್ಯಾಬಿನ ಆಂಡ್ರಾಯ್ಡ್ ಆವೃತ್ತಿಯನ್ನು ಆ ಕಂಪನಿಯ ಆ್ಯಪ್ ಒಪ್ಪಬೇಕು. ಆ ಟ್ಯಾಬಿನಲ್ಲಿ ಬ್ಯಾಂಡನ್ನು ಕೂಡಿಸಲು ಕಂಪನಿ ಅವಕಾಶ ಕೊಟ್ಟಿರಬೇಕು.

ಕಂಪನಿಗಳ ನೀತಿಗಳು ಒಂದೇ ತೆರನಾಗಿಲ್ಲ. ಆ್ಯಪಲ್ ವಾಚ್ ಅನ್ನು ಪ್ರಾರಂಭಿಸಲು ಐಫೋನ್ ಬೇಕೇ ಬೇಕು. ಎಷ್ಟೇ ಬೆಲೆಬಾಳುವ ಐಪ್ಯಾಡ್ ಇದ್ದರೂ ಅದು ಐಫೋನಿನ ಸ್ಥಾನವನ್ನು ತುಂಬುವುದಿಲ್ಲ. 2023ರ ಐಪ್ಯಾಡ್ ಓಎಸ್ 17ರಿಂದ ಐಪ್ಯಾಡಿನಲ್ಲಿಯೂ ಹೆಲ್ತ್ ಆ್ಯಪ್ ದೊರೆಯುತ್ತಿದೆಯಾದರೂ ವಾಚಿನ ಮಾಹಿತಿ ಅಲ್ಲಿಗೆ ಬರುವುದು ಐಫೋನಿನ ದಾರಿಯಿಂದಲೇ. ಸ್ಯಾಮ್‌ಸಂಗ್ ತನ್ನ 2021ರ ಗ್ಯಾಲಕ್ಸಿ ವಾಚ್ 4ರಿಂದ ಮುಂದಕ್ಕೆ ಐಫೋನಿನೊಂದಿಗಿನ ಹೊಂದಾಣಿಕೆಯನ್ನು ಕೈಬಿಟ್ಟಿದೆ. ಗಾರ್ಮಿನ್ ಕಂಪನಿಯ ಮಾಹಿತಿಯನ್ನು ಬ್ರೌಸರಿನಲ್ಲಿಯೂ ತೆರೆದು ನೋಡಬಹುದು. ಅದರ ಹಲವು ವಾಚುಗಳನ್ನು ತಂತಿಯ ಮೂಲಕ ಗಣಕಯಂತ್ರಕ್ಕೆ ಜೋಡಿಸಿಯೂ ಮಾಹಿತಿ ಇಳಿಸಿಕೊಳ್ಳಬಹುದು. ಪೆಟ್ಟಿಗೆಯ ಮೇಲಿನ ಚಿತ್ರದಿಂದ ಇವುಗಳಲ್ಲಿ ಯಾವುದೂ ತಿಳಿಯುವುದಿಲ್ಲ.

ಇಂದು ಇರುವ ಜೋಡಣೆ ನಾಳೆಯೂ ಇರುತ್ತದೆಂಬ ಭರವಸೆಯೂ ಇಲ್ಲ. ಪೆಬಲ್ ಕಂಪನಿ 2016ರ ಡಿಸೆಂಬರಿನಲ್ಲಿ ಬಾಗಿಲು ಹಾಕಿತು. ಅದರ ಅಂತರ್ಜಾಲ ಸೇವೆ 2018ರ ಜೂನ್ 30ಕ್ಕೆ ನಿಂತಿತು. ಮೈಕ್ರೋಸಾಫ್ಟ್ ಬ್ಯಾಂಡಿನ ಸೇವೆ 2019ರ ಮೇ 31ಕ್ಕೆ ಕೊನೆಗೊಂಡಿತು. ಫಿಟ್‌ಬಿಟ್ ಕಂಪನಿಯನ್ನು ಗೂಗಲ್ 2021ರ ಜನವರಿಯಲ್ಲಿ ತನ್ನದಾಗಿಸಿಕೊಂಡ ತರುವಾಯ, 2022ರ ಅಕ್ಟೋಬರಿನಲ್ಲಿ ಗಣಕಯಂತ್ರದ ಮೂಲಕ ಮಾಹಿತಿ ಇಳಿಸುವ ಸೌಲಭ್ಯವೂ, 2024ರ ಜುಲೈಯಲ್ಲಿ ಬ್ರೌಸರಿನಲ್ಲಿ ನೋಡುವ ಪುಟವೂ ರದ್ದಾದವು. ಬ್ಯಾಂಡು ಕೆಟ್ಟಿರಲಿಲ್ಲ, ಟ್ಯಾಬ್ ಕೆಟ್ಟಿರಲಿಲ್ಲ; ನಡುವಿನ ಸೇತುವೆಯನ್ನು ತೆಗೆದುಹಾಕಲಾಯಿತು. ಯಂತ್ರದ ಸವಕಳಿಯನ್ನು ಲೆಕ್ಕ ಹಾಕಲು ಬಲ್ಲ ನಾವು ಇಂತಹ ಸವಕಳಿಯನ್ನೂ ಲೆಕ್ಕಕ್ಕೆ ಹಿಡಿಯುವುದನ್ನು ಕಲಿಯಬೇಕಾಗಿದೆ.

ಇದು ಕೇವಲ ಹಣದ ಪ್ರಶ್ನೆಯಲ್ಲ. ನಮ್ಮ ಕಚೇರಿಗೆ ಲೆಕ್ಕಪತ್ರ ತರುವ ಸಣ್ಣ ಉದ್ಯಮಿಯೊಬ್ಬರಿಗೆ ಹೃದಯದ ಚಿಕಿತ್ಸೆಯಾಗಿ, ಮೂರು ತಿಂಗಳ ನಡಿಗೆ ಮತ್ತು ನಾಡಿಬಡಿತದ ದಾಖಲೆಯನ್ನು ತರುವಂತೆ ವೈದ್ಯರು ಸೂಚಿಸಿದ್ದರು. ಬ್ಯಾಂಡನ್ನು ಮಗನ ಮೊಬೈಲಿಗೆ ಜೋಡಿಸಲಾಗಿತ್ತು. ಮಗ ಉದ್ಯೋಗಕ್ಕಾಗಿ ಪುಣೆಗೆ ಮರಳಿದ ಮೇಲೆ ಕಾರ್ಖಾನೆಯ ಹಳೆಯ ಟ್ಯಾಬಿಗೆ ಜೋಡಿಸುವುದೆಂದಾಯಿತು. "ಆಂಡ್ರಾಯ್ಡ್ ಇದ್ದರೆ ಸಾಕು" ಎಂದು ಅಂಗಡಿಯವರು ಹೇಳಿದ್ದರಂತೆ. ಆದರೆ ಆ ಟ್ಯಾಬಿನ ಆವೃತ್ತಿ ಹಳೆಯದಾದ್ದರಿಂದ ಆ್ಯಪ್ ಅದರಲ್ಲಿ ಇಳಿಯಲೇ ಇಲ್ಲ. ಬ್ಯಾಂಡಿನ ಮುಖದ ಮೇಲೆ ಹೆಜ್ಜೆಗಳ ಸಂಖ್ಯೆ ಕಾಣುತ್ತಿದ್ದುದರಿಂದ ಎಲ್ಲವೂ ಎಲ್ಲೋ ಉಳಿಯುತ್ತಿದೆಯೆಂದು ಅವರು ನೆಮ್ಮದಿಯಿಂದಿದ್ದರು. ತಪಾಸಣೆಯ ದಿನ ಕೈಯಲ್ಲಿದ್ದದ್ದು ಕೊನೆಯ ಕೆಲವು ದಿನಗಳ ಲೆಕ್ಕ ಮಾತ್ರ. ಬ್ಯಾಂಡು ರೋಗನಿರ್ಣಯದ ಸಾಧನವಲ್ಲವೆಂಬುದು ನಿಜ. ಆದರೆ ವೈದ್ಯರೇ ಕೇಳಿದ ದಾಖಲೆ ಕೈತಪ್ಪಿದರೆ ಅದನ್ನು ಯಾವ ಬಿಲ್ಲೂ ತುಂಬಿಕೊಡಲಾರದು.

ಆದ್ದರಿಂದ ಖರೀದಿಯ ಕ್ರಮ ಹೀಗಿರುವುದು ಉಚಿತ. ಮೊದಲನೆಯದಾಗಿ ಉದ್ದೇಶವನ್ನು ನಿಶ್ಚಯಿಸಬೇಕು. ಬರಿಯ ಹೆಜ್ಜೆ ಎಣಿಸುವುದೇ ಆಗಿದ್ದರೆ ಬ್ಯಾಂಡಿನ ಮುಖವೇ ಸಾಕು, ಟ್ಯಾಬ್ ಬೇಕಿಲ್ಲ. ಎರಡನೆಯದಾಗಿ, ಬ್ಯಾಂಡು ಕಟ್ಟುವವರ ಸ್ವಂತ ಮೊಬೈಲ್ ಯಾವುದೆಂದು ನೋಡಿ ಅದಕ್ಕೆ ಹೊಂದುವ ಬ್ಯಾಂಡನ್ನು ಆರಿಸಬೇಕು. ಮಾಹಿತಿಯನ್ನು ಮೊಬೈಲ್ ಸೆಳೆಯಲಿ, ಟ್ಯಾಬ್ ತೋರಿಸಲಿ. ಇದೇ ಅತ್ಯಂತ ಭದ್ರವಾದ ವ್ಯವಸ್ಥೆ. ಮೊಬೈಲೇ ಸದಾ ಜೊತೆಗಿರುವ ವಸ್ತು. ಬ್ಲೂಟೂತ್ ಸಾಮಾನ್ಯವಾಗಿ ಹತ್ತು ಮೀಟರಿನ ಸುಮಾರಿಗೆ ಮಾತ್ರ ನಿಲುಕುವುದರಿಂದ, ಟ್ಯಾಬನ್ನು ಅಂಗಡಿಯಲ್ಲಿಟ್ಟು ನಡಿಗೆಗೆ ಹೋದರೆ ಕರೆಗಳ ಸೂಚನೆಯಾಗಲಿ ದಾರಿಯ ನಕ್ಷೆಯಾಗಲಿ ಸಿಗುವುದಿಲ್ಲ. ವೈಫೈ ಮಾತ್ರ ಇರುವ ಐಪ್ಯಾಡುಗಳಲ್ಲಿ ಜಿಪಿಎಸ್ ಇರುವುದಿಲ್ಲವೆಂಬುದೂ ಗಮನಾರ್ಹ. ಟ್ಯಾಬಿನ ಆಯ್ಕೆ ಕಟ್ಟಕಡೆಗೆ ಬರಬೇಕು. ಮೂರು ಸಾವಿರದ ಬ್ಯಾಂಡಿಗಾಗಿ ಇಪ್ಪತ್ತು ಸಾವಿರದ ಟ್ಯಾಬ್ ಕೊಳ್ಳುವುದು ಮೂಗಿಗಿಂತ ಮೂಗುತಿ ಭಾರವಾದಂತೆ. ಹಾಗೆಂದು ಆವೃತ್ತಿ ಹಳೆಯದಾದ ಟ್ಯಾಬನ್ನು ರಿಯಾಯಿತಿಯ ಬೆಲೆಗೆ ತರುವುದು ಅಗ್ಗದ ಆಸೆಗೆ ಮುಗ್ಗಿದ ಜೋಳ ಕೊಂಡಂತೆ.

ಹಣ ಪಾವತಿಸುವ ಮುನ್ನ ಅಂಗಡಿಯಲ್ಲಿಯೇ ಪರೀಕ್ಷೆ ನಡೆಸತಕ್ಕದ್ದು. ಆ್ಯಪನ್ನು ಆ ಟ್ಯಾಬಿನಲ್ಲೇ ಇಳಿಸಿ, ಬ್ಯಾಂಡನ್ನು ಕೂಡಿಸಿ, ಹತ್ತು ಹೆಜ್ಜೆ ನಡೆದು, ಆ ಸಂಖ್ಯೆ ಪರದೆಗೆ ಬಂದುದನ್ನು ಕಣ್ಣಾರೆ ನೋಡಬೇಕು. ಬ್ಲೂಟೂತ್ ಆರಿಸಿ ಮತ್ತೆ ಹಚ್ಚಿದಾಗ ಬ್ಯಾಂಡು ತಾನಾಗಿ ಕೂಡುತ್ತದೆಯೇ, ದಾಖಲೆಯನ್ನು ಕಡತವಾಗಿ ಹೊರತೆಗೆದು ಬೇರೆಡೆ ಉಳಿಸಿಕೊಳ್ಳಲು ಬರುತ್ತದೆಯೇ, ಟ್ಯಾಬಿನ ಕಂಪನಿ ಇನ್ನೆಷ್ಟು ವರ್ಷ ಹೊಸ ಆವೃತ್ತಿಗಳನ್ನು ಕೊಡುವುದಾಗಿ ಹೇಳಿದೆ, ಇವುಗಳನ್ನೂ ವಿಚಾರಿಸಬೇಕು. ಕಾಲು ಗಂಟೆಯ ಕೆಲಸವಿದು.

ಇನ್ನು ಲೆಕ್ಕಪತ್ರದ ವಿಷಯ. ಬ್ಯಾಂಡು ಮತ್ತು ಟ್ಯಾಬು ಒಂದೇ ಬಿಲ್ಲಿನಲ್ಲಿ ಸಂಸ್ಥೆಯ ಹೆಸರಿಗೆ ಬರುವುದು ಸಾಮಾನ್ಯವಾಗಿದೆ. ಇದು ಸಲ್ಲದು. ಟ್ಯಾಬಿನ ಬೆಲೆ ರೂ. 20,000 ಇದ್ದರೆ ಶೇ. 18ರಂತೆ ಜಿ.ಎಸ್.ಟಿ. ರೂ. 3,600 ಸೇರಿ ರೂ. 23,600 ಆಗುತ್ತದೆ. ಟ್ಯಾಬ್ ವ್ಯವಹಾರದ ಬಿಲ್ಲಿಂಗಿಗೆ ಬಳಕೆಯಾಗುತ್ತಿದ್ದರೆ ನೋಂದಾಯಿತ ವರ್ತಕರು ಆ ರೂ. 3,600ರ ಹೂಡುವಳಿ ತೆರಿಗೆ ಜಮೆಯನ್ನು ಪಡೆಯಬಹುದು; ಕಾಂಪೊಸಿಷನ್ ಯೋಜನೆಯಲ್ಲಿರುವವರಿಗೆ ಆ ಅವಕಾಶವಿಲ್ಲ. ಹೀಗೆ ಜಮೆ ಪಡೆದ ತೆರಿಗೆಯ ಮೊತ್ತದ ಮೇಲೆ ಸವಕಳಿಯನ್ನು ಕೇಳುವಂತಿಲ್ಲ. ಮಾಲೀಕರ ಸ್ವಂತ ಆರೋಗ್ಯಕ್ಕಾಗಿ ಕೊಂಡ ಬ್ಯಾಂಡಾದರೋ ವೈಯಕ್ತಿಕ ಬಳಕೆಯ ವಸ್ತು. ಜಿ.ಎಸ್.ಟಿ. ಕಾಯಿದೆಯ 17(5)ನೇ ಕಲಮು ಅದರ ಜಮೆಯನ್ನು ನಿರಾಕರಿಸುತ್ತದೆ. ಅದರ ಬೆಲೆ ವ್ಯವಹಾರದ ಖರ್ಚೂ ಅಲ್ಲ, ಮಾಲೀಕರ ಹಿಂಪಡೆತ. ಎರಡು ಬಿಲ್ಲುಗಳನ್ನು ಬೇರೆ ಬೇರೆ ಮಾಡಿಸಿದರೆ ಮುಂದಿನ ಪ್ರಶ್ನೋತ್ತರಗಳು ತಪ್ಪುತ್ತವೆ.

ಬಿಲ್ಲು ಯಾರ ಹೆಸರಿನಲ್ಲಿದೆ ಎಂಬುದಕ್ಕೆ ಇನ್ನೊಂದು ಮಹತ್ವವೂ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಲ್ಲಿ ವಾಣಿಜ್ಯ ಉದ್ದೇಶಕ್ಕಾಗಿ ಕೊಂಡವನು 'ಗ್ರಾಹಕ'ನಲ್ಲ. ಸ್ವಯಂ ಉದ್ಯೋಗದಿಂದ ಜೀವನ ಸಾಗಿಸುವುದಕ್ಕೆಂದೇ ಕೊಂಡವನಿಗೆ ಮಾತ್ರ ವಿನಾಯಿತಿ ಇದೆ. ಖರೀದಿಯ ಪ್ರಧಾನ ಉದ್ದೇಶವೇನೆಂಬುದನ್ನು ನೋಡಬೇಕೆಂದು ಸರ್ವೋಚ್ಚ ನ್ಯಾಯಾಲಯ 2019ರಲ್ಲಿ ತಿಳಿಸಿರುವುದರಿಂದ, ಸಂಸ್ಥೆಯ ಹೆಸರಿನ ಬಿಲ್ಲಿದ್ದ ಮಾತ್ರಕ್ಕೆ ದೂರು ಬಿದ್ದುಹೋಗುತ್ತದೆಂದು ಹೇಳಲಾಗದು. ಆದರೂ ಎದುರು ಪಕ್ಷದವರ ವಾದಕ್ಕೆ ನಾವೇ ಆಸ್ಪದ ಮಾಡಿಕೊಟ್ಟಂತಾಗುತ್ತದೆ. ಸ್ವಂತಕ್ಕೆ ಕೊಂಡ ವಸ್ತುವಿಗೆ ಸ್ವಂತ ಹೆಸರಿನ ಬಿಲ್ಲೇ ಲೇಸು.

ಗಲ್ಲೆಯ ಮೇಲಿನ ಟ್ಯಾಬನ್ನು ಗುಮಾಸ್ತರೂ ಮುಟ್ಟುತ್ತಾರೆ. ಮಾಲೀಕರ ನಾಡಿಬಡಿತ, ನಿದ್ರೆಯ ವಿವರಗಳು ಅವರೆಲ್ಲರ ಕಣ್ಣಿಗೆ ಬೀಳಬೇಕಾಗಿಲ್ಲ. ಆ್ಯಪಿನ ಖಾತೆ ಸ್ವಂತ ಇ-ಮೇಲಿನಲ್ಲಿರಲಿ, ಅದಕ್ಕೆ ಪ್ರತ್ಯೇಕ ಬೀಗವಿರಲಿ. ಕಾರ್ಮಿಕರಿಗೆ ಬ್ಯಾಂಡು ಕೊಟ್ಟು ಅವರ ಮಾಹಿತಿಯನ್ನು ಸಂಸ್ಥೆಯ ಟ್ಯಾಬಿನಲ್ಲಿ ನೋಡುವ ಆಲೋಚನೆಯುಳ್ಳ ಉದ್ಯಮಿಗಳಂತೂ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯನ್ನು ಓದಿಯೇ ಮುಂದುವರಿಯಬೇಕು. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿವೆ. ಹಂತಹಂತವಾಗಿ ಜಾರಿಗೆ ಬರುವ ಕ್ರಮವೂ ಅವುಗಳಲ್ಲಿಯೇ ನಿಗದಿಯಾಗಿದೆ.

ಕೊನೆಯದಾಗಿ, ಈ ಪತ್ರಿಕೆಯ ಓದುಗರಲ್ಲಿ ಕೊಳ್ಳುವವರಿರುವಂತೆ ಮಾರುವವರೂ ಇದ್ದಾರೆ. ಮೊಬೈಲ್ ಮತ್ತು ಗಣಕಯಂತ್ರದ ಅಂಗಡಿಗಳನ್ನು ನಡೆಸುವ ಸದಸ್ಯ ಮಿತ್ರರಲ್ಲಿ ಒಂದು ವಿನಂತಿ. ಬ್ಯಾಂಡು ಮಾರುವಾಗ ಗಿರಾಕಿಯ ಮೊಬೈಲ್ ಮತ್ತು ಟ್ಯಾಬಿನ ಮಾದರಿ, ಆವೃತ್ತಿಗಳನ್ನು ಕೇಳಿ, "ಇಂತಹ ಉಪಕರಣದೊಡನೆ ಜೋಡಿಸಿ ತೋರಿಸಲಾಗಿದೆ" ಎಂಬ ಒಂದು ಸಾಲನ್ನು ಬಿಲ್ಲಿನ ಮೇಲೆ ಬರೆದುಕೊಡುವ ಪದ್ಧತಿಯನ್ನು ಅವರು ಆರಂಭಿಸಬೇಕು. ಮನೆಯಲ್ಲಿ ಕುಳಿತು ಆನ್‌ಲೈನಿನಲ್ಲಿ ತರಿಸುವವನಿಗೆ ದೊರೆಯದ ಸೇವೆ ಇದೊಂದೇ. ಬೆಲೆಯ ಪೈಪೋಟಿಯಲ್ಲಿ ದೊಡ್ಡ ಮಾರಾಟ ಜಾಲಗಳನ್ನು ಎದುರಿಸಲಾರದ ನಮ್ಮ ಊರಿನ ಅಂಗಡಿಗೆ ಗಿರಾಕಿ ಮರಳಿ ಬರಬೇಕಾದರೆ ಇಂತಹ ಖಾತರಿಯೇ ಕಾರಣವಾಗಬೇಕು. ವಾಣಿಜ್ಯ ಸಂಘವು ಇದಕ್ಕೊಂದು ಮಾದರಿ ಒಕ್ಕಣೆಯನ್ನು ಸಿದ್ಧಪಡಿಸಿ ಸದಸ್ಯರಿಗೆ ಹಂಚಿದರೆ ಕೊಳ್ಳುವವರಿಗೂ ಮಾರುವವರಿಗೂ ಉಪಕಾರವಾದೀತು.