ಉಚಿತ ಫೋನಿನ 36 ತಿಂಗಳು, ವೀಸಾದ 60 ದಿನ

ನಮ್ಮ ಕೂಟದ ಸಮಾರಂಭಗಳಲ್ಲಿ, ಊಟದ ಸಾಲಿನಲ್ಲಿ, ಊರಿಗೆ ಹಿಂದಿರುಗಲಿರುವ ಕುಟುಂಬಗಳಿಗೆ ದೊರೆಯುವ ಉಪದೇಶಗಳಲ್ಲಿ ಒಂದು ಬಹಳ ಜನಪ್ರಿಯವಾದುದು. "ಫೋನಿನ ಉಳಿದ ಕಂತು ಕಟ್ಟುವುದೇಕೆ? ಸುಮ್ಮನೆ ವಿಮಾನ ಹತ್ತಿ. ವಸೂಲಿಗೆ ಬೆಂಗಳೂರಿನವರೆಗೆ ಯಾರು ಬರುತ್ತಾರೆ?" ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎಂಬ ಈ ಜಾಣತನವನ್ನು ವಿದ್ಯಾವಂತರು, ತೆರಿಗೆಯನ್ನು ಕಾಸಿಗೆ ಕಾಸು ಲೆಕ್ಕ ಹಾಕಿ ಕಟ್ಟುವವರು, ಹೆಮ್ಮೆಯಿಂದಲೇ ಹಂಚುತ್ತಾರೆ.

ಈ ಉಪದೇಶ ಅವಿವೇಕದ್ದು. ಕಟ್ಟದೆ ಉಳಿದ ಬಾಕಿ ವಸೂಲಿ ಸಂಸ್ಥೆಯ ಕೈ ಸೇರುತ್ತದೆ ಮತ್ತು ಕ್ರೆಡಿಟ್ ವರದಿಯಲ್ಲಿ 7 ವರ್ಷಗಳವರೆಗೆ ಉಳಿಯಬಲ್ಲದು. ಹೋದವರು ಮರಳಿ ಬರುವುದು ನಮ್ಮಲ್ಲಿ ಅಪರೂಪವೇನಲ್ಲ; ಸನಿವೇಲಿನಲ್ಲೋ ಫ್ರೀಮಾಂಟಿನಲ್ಲೋ ಮತ್ತೆ ಬಾಡಿಗೆ ಮನೆಗೆ ಅರ್ಜಿ ಹಾಕಿದ ದಿನ ಆ ಹಳೆಯ ಬಾಕಿ ಎದುರು ಬಂದು ನಿಲ್ಲುತ್ತದೆ. ಕಂಪನಿಯ ಬೀಗ ತೆರೆಯದ ಫೋನನ್ನು ಕೊಂಡೊಯ್ದರೆ ಅದರಲ್ಲಿ ಏರ್‌ಟೆಲ್ಲೂ ನಡೆಯದು, ಜಿಯೋವೂ ನಡೆಯದು. (ಬೀಗ ತೆರೆದರೂ ಮುಗಿಯಲಿಲ್ಲ. ಐಫೋನ್ 14ರಿಂದ ಈಚೆಗೆ ಅಮೆರಿಕದಲ್ಲಿ ಮಾರುವ ಐಫೋನುಗಳಲ್ಲಿ ಸಿಮ್ ತೂರಿಸುವ ಕಿಂಡಿಯೇ ಇಲ್ಲ. ಊರಿನ ಅಂಗಡಿಯವನು ಕೊಡುವ ಸಿಮ್ಮನ್ನು ಜೇಬಿನಲ್ಲಿಟ್ಟುಕೊಂಡು ಇ-ಸಿಮ್ಮಿಗಾಗಿ ಅಲೆಯಬೇಕು.) ಆದರೆ ನನ್ನ ಮುಖ್ಯ ಆಕ್ಷೇಪ ಇವು ಯಾವುವೂ ಅಲ್ಲ. ಸದ್ದಿಲ್ಲದೆ ಓಡಿಹೋದವನಿಗೆ ದೂರುವ ಹಕ್ಕು ಉಳಿಯುವುದಿಲ್ಲ. ದೂರಬೇಕಾದ ಅನ್ಯಾಯವೋ, ನಿಜವಾಗಿಯೂ ಇದೆ.

ಅದರ ಹಿಂದಿನ ಕಥೆ ನಮ್ಮ ಕೊಲ್ಲಿ ಪ್ರದೇಶದಲ್ಲೇ ನಡೆದದ್ದು. ಎರಡು ವರ್ಷದ ಒಪ್ಪಂದಗಳ ಕಾಲದಲ್ಲಿ ಅವಧಿಗೆ ಮುನ್ನ ಸೇವೆ ಬಿಟ್ಟವರ ಮೇಲೆ ಕಂಪನಿಗಳು ಇಡುಗಂಟಿನ ರದ್ದತಿ ಶುಲ್ಕ ವಿಧಿಸುತ್ತಿದ್ದವು. ಸ್ಪ್ರಿಂಟ್ ಕಂಪನಿಯ ಈ ಶುಲ್ಕದ ವಿರುದ್ಧ ಗ್ರಾಹಕರು ಹೂಡಿದ ಸಾಮೂಹಿಕ ದಾವೆಯಲ್ಲಿ ಆಲಮೀಡಾ ಕೌಂಟಿಯ ನ್ಯಾಯಾಲಯ 2008ರಲ್ಲಿ, ಇದು ಕ್ಯಾಲಿಫೋರ್ನಿಯಾದ ಕಾನೂನು ಒಪ್ಪದ ದಂಡ ಎಂದು ತೀರ್ಮಾನಿಸಿತು. 2011ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಕಂಪನಿಗಾದ ನಷ್ಟವೆಷ್ಟು, ಹಿಂದಿರುಗಿಸಬೇಕಾದುದೆಷ್ಟು ಎಂಬ ವ್ಯಾಜ್ಯ ಅನಂತರವೂ ಎಳೆಯಿತು; ಆದರೆ ತತ್ತ್ವ ಸ್ಪಷ್ಟವಾಯಿತು. ಗ್ರಾಹಕ ಒಪ್ಪಂದ ಮುರಿದರೆ ಕಂಪನಿಗೆ ನಿಜವಾಗಿ ಆದ ನಷ್ಟವನ್ನು ಕೇಳಬಹುದು, ಬಿಟ್ಟುಹೋದ ತಪ್ಪಿಗೆಂದು ದಂಡ ಕೇಳುವಂತಿಲ್ಲ.

ಮುಂದೆ 2013ರಲ್ಲಿ ಟಿ-ಮೊಬೈಲ್ ಒಪ್ಪಂದಗಳನ್ನೇ ಕೈಬಿಟ್ಟೆನೆಂದು ಡಂಗುರ ಸಾರಿತು. 2015ರಲ್ಲಿ ವೆರೈಜನ್, 2016ರಲ್ಲಿ ಎಟಿ ಅಂಡ್ ಟಿ ಅದೇ ದಾರಿ ಹಿಡಿದವು. ಒಪ್ಪಂದ ಎಂಬ ಪದ ಮಾಯವಾಯಿತು. ಹಗ್ಗ ಮಾತ್ರ ಉಳಿಯಿತು, ಉದ್ದವೂ ಆಯಿತು. ಈಗ ಅದರ ಹೆಸರು "ಉಚಿತ ಫೋನ್".

ಈ ಉಚಿತದ ಒಳಗುಟ್ಟು ಹೀಗಿದೆ. ಫೋನಿನ ಬೆಲೆ 1,080 ಡಾಲರ್ ಎಂದಿಟ್ಟುಕೊಳ್ಳೋಣ. ಅದನ್ನು ತಿಂಗಳಿಗೆ 30 ಡಾಲರಿನಂತೆ 36 ಕಂತುಗಳ ಸಾಲವಾಗಿ ನಮ್ಮ ತಲೆಗೆ ಕಟ್ಟುತ್ತಾರೆ. ಪ್ರತಿ ತಿಂಗಳ ಬಿಲ್ಲಿನಲ್ಲಿ 30 ಡಾಲರ್ ಕೂಡಿಸಿ, ಕೆಳಗಿನ ಸಾಲಿನಲ್ಲಿ 30 ಡಾಲರ್ ರಿಯಾಯಿತಿ ಕಳೆಯುತ್ತಾರೆ. ಸಾಲ ನಮ್ಮದು, ರಿಯಾಯಿತಿ ಅವರ ಕೃಪೆ. ಈ ಕೃಪೆಗೆ ಅರ್ಹರಾಗಲು ಹಲವು ವೇಳೆ ದುಬಾರಿ ಮಾಸಿಕ ಯೋಜನೆಯನ್ನೇ ಆರಿಸಬೇಕು. ಆರನೆಯ ತಿಂಗಳಲ್ಲಿ ಕೆಲಸ ಹೋಗಿ ಸೇವೆ ನಿಲ್ಲಿಸಿದರೆ ರಿಯಾಯಿತಿಯೂ ನಿಲ್ಲುತ್ತದೆ. ಉಳಿದ 30 ಕಂತುಗಳ 900 ಡಾಲರ್ ಒಮ್ಮೆಗೇ ಬಾಕಿಯಾಗುತ್ತದೆ. ದಂಪತಿಗೆ ಎರಡು ಫೋನಿದ್ದರೆ 1,800. ಅದೂ ಸಂಬಳ ನಿಂತ ತಿಂಗಳಲ್ಲಿ, ಮನೆಯ ಗುತ್ತಿಗೆ ಮುರಿಯುವ, ಕಾರು ಮಾರುವ, ಸಾಮಾನು ಹಡಗಿಗೆ ಹಾಕಿಸುವ ತಿಂಗಳಲ್ಲಿ.

ಫೋನ್ ಕೈಯಲ್ಲಿದೆ, ಬೆಲೆ ತೆರುವುದು ನ್ಯಾಯವಲ್ಲವೇ ಎಂದು ಕೇಳಬಹುದು. ನ್ಯಾಯವೇ. ಹಳೆಯ ಫೋನ್ ಎಲ್ಲಿ ಹೋಯಿತು ಎಂಬುದು ನನ್ನ ಮರುಪ್ರಶ್ನೆ. ಇಂಥ ಹಲವು ಯೋಜನೆಗಳಲ್ಲಿ ನಾವು ಮೊದಲ ದಿನವೇ ನಮ್ಮ ಹಳೆಯ ಫೋನನ್ನು ಒಪ್ಪಿಸಿರುತ್ತೇವೆ. ಅದರ ಬೆಲೆಯನ್ನು ಕಂಪನಿ ಕೈಗೆ ಕೊಡುವುದಿಲ್ಲ. ಅದೂ ಆ 36 ರಿಯಾಯಿತಿಗಳೊಳಗೇ ಕರಗಿರುತ್ತದೆ. ಅದು ಪೇಟೆಯಲ್ಲಿ 400 ಡಾಲರಿಗೆ ಹೋಗುತ್ತಿತ್ತು ಎನ್ನೋಣ. ಆರು ತಿಂಗಳಲ್ಲಿ ಬಂದ ರಿಯಾಯಿತಿ 180. ಉಳಿದ 220 ಡಾಲರ್ ನಮ್ಮ ಸ್ವಂತ ಸೊತ್ತು. ಅದನ್ನು ಹಿಂದಿರುಗಿಸುವ ಮಾತಿಲ್ಲ, ಹಳೆಯ ಫೋನನ್ನು ಮರಳಿಸುವ ಮಾತೂ ಇಲ್ಲ. ಇದಕ್ಕೆ ಶುಲ್ಕವೆಂಬ ಹೆಸರಿಲ್ಲ, ಬಿಲ್ಲಿನಲ್ಲಿ ಅದರದೊಂದು ಸಾಲೂ ಇಲ್ಲ. ಆಲಮೀಡಾದ ನ್ಯಾಯಾಲಯ ಮುಂಬಾಗಿಲಿನಿಂದ ಹೊರಗೆ ಹಾಕಿದ ದಂಡ ಹಿತ್ತಲ ಬಾಗಿಲಿನಿಂದ ಒಳಗೆ ಬಂದಿರುವುದು ಹೀಗೆ.

ಈ ಹೊರೆ ಎಲ್ಲ ಗ್ರಾಹಕರ ಮೇಲೂ ಸಮನಾಗಿ ಬೀಳುವುದಿಲ್ಲ. ಎಚ್-1ಬಿ ಅನುಮತಿ ಒಮ್ಮೆಗೆ ದೊರೆಯುವುದು ಹೆಚ್ಚೆಂದರೆ 3 ವರ್ಷಕ್ಕೆ, ಅಂದರೆ 36 ತಿಂಗಳಿಗೆ. ವೆರೈಜನ್, ಎಟಿ ಅಂಡ್ ಟಿ ಕಂಪನಿಗಳ ಫೋನ್ ಕಂತಿನ ಅವಧಿಯೂ ಈಚಿನ ವರ್ಷಗಳಲ್ಲಿ 36 ತಿಂಗಳೇ. ವೀಸಾ ಆರಂಭವಾದ ದಿನವೇ ಅಂಗಡಿಗೆ ಓಡಿದರಷ್ಟೇ ಎರಡರ ಲೆಕ್ಕ ಸರಿಹೊಂದೀತು. ಕೆಲಸ ಹೋದರೆ 2017ರಿಂದ ಜಾರಿಯಲ್ಲಿರುವ ನಿಯಮದಂತೆ ಸಿಗುವ ಬಿಡುವು ಗರಿಷ್ಠ 60 ದಿನ. ಅಷ್ಟರೊಳಗೆ ಹೊಸ ಉದ್ಯೋಗದಾತ ಸಿಗಬೇಕು, ಇಲ್ಲವೇ ವೀಸಾ ಸ್ಥಿತಿ ಬದಲಿಸಬೇಕು, ಇಲ್ಲವೇ ಹೊರಡಬೇಕು. 2022ರ ನವೆಂಬರಿನಲ್ಲಿ ಮೆಟಾ 11,000 ಮಂದಿಯನ್ನು, 2023ರ ಜನವರಿಯಲ್ಲಿ ಗೂಗಲ್ ಸುಮಾರು 12,000 ಮಂದಿಯನ್ನು ತೆಗೆಯಹೊರಟಾಗ ಈ ಕಣಿವೆಯ ಎಷ್ಟು ಮನೆಗಳಲ್ಲಿ ಕ್ಯಾಲೆಂಡರಿನ ಮೇಲೆ ಬೆರಳಿಟ್ಟು ದಿನ ಎಣಿಸಿದರೆಂಬುದನ್ನು ನಮ್ಮ ಸದಸ್ಯರಿಗೆ ವಿವರಿಸಬೇಕಾಗಿಲ್ಲ.

"ಓದಿಯೇ ಸಹಿ ಹಾಕಿದ್ದೀರಲ್ಲ, ಬಲವಂತ ಮಾಡಿದವರಾರು?" ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ. ಹೊಸದಾಗಿ ಬಂದು, ಕ್ರೆಡಿಟ್ ಇತಿಹಾಸವಿಲ್ಲದೆ ಅಂಗಡಿಯ ಮೆಟ್ಟಿಲು ಹತ್ತಿದವನಿಂದ ಠೇವಣಿ ಕೇಳುವ ರೂಢಿ ಈ ವ್ಯಾಪಾರದಲ್ಲಿದೆ. ಇವನು ಹೊರಗಿನವನು, ಹೋಗಿಬಿಟ್ಟಾನು ಎಂಬುದು ಆಗ ಕಂಪನಿಗೆ ಚೆನ್ನಾಗಿ ತಿಳಿದಿರುತ್ತದೆ. ಅದೇ ಮನುಷ್ಯ ದೇಶ ಬಿಡಲೇಬೇಕಾದ ದಿನ, ಸ್ವಂತ ಮನೆ ಕಟ್ಟಿಕೊಂಡು ಮೂರು ತಲೆಮಾರಿನಿಂದ ಇಲ್ಲಿರುವವನು ಮನಸ್ಸು ಬದಲಿಸಿ ಬೇರೆ ಕಂಪನಿಗೆ ಹಾರಿದಂತೆ ಅವನನ್ನು ನಡೆಸಿಕೊಳ್ಳುತ್ತಾರೆ. ಬರುವಾಗ ಕಂಡ ವೀಸಾ ಹೋಗುವಾಗ ಕಾಣದೇ?

ಹೊರಡಲೇಬೇಕಾದವನನ್ನು ಬೇರೆಯಾಗಿ ಕಾಣುವುದು ಈ ದೇಶದ ಕಾನೂನಿಗೆ ಹೊಸತೂ ಅಲ್ಲ. 90 ದಿನ ಅಥವಾ ಅದಕ್ಕೂ ಹೆಚ್ಚು ಕಾಲ ಸೇವೆ ಸಿಗದ ಸ್ಥಳಕ್ಕೆ ಆದೇಶದ ಮೇರೆಗೆ ತೆರಳುವ ಸೈನಿಕರು ದಂಡವಿಲ್ಲದೆ ತಮ್ಮ ಫೋನ್ ಸೇವೆಯ ಒಪ್ಪಂದವನ್ನು ಕೊನೆಗೊಳಿಸಬಹುದೆಂದು ಸೈನಿಕರ ನಾಗರಿಕ ಪರಿಹಾರ ಕಾಯಿದೆ ಹೇಳುತ್ತದೆ. ಆ ಕಾನೂನಿನ ಹಿಂದೆ ದೇಶಸೇವೆಯ ಗೌರವವಿದೆ, ಅದಕ್ಕೆ ನಾವು ಪಾಲು ಕೇಳಬೇಕಾಗಿಲ್ಲ. ಆದರೆ ಅದರೊಳಗಿನ ತರ್ಕ ನಮಗೂ ಸಲ್ಲುತ್ತದೆ: ಸ್ಥಳಾಂತರದ ನಿರ್ಧಾರ ಗ್ರಾಹಕನ ಕೈಯಲ್ಲಿಲ್ಲ, ಹೋದ ಕಡೆ ಆ ಸೇವೆ ಉಪಯೋಗಕ್ಕೆ ಬರುವುದಿಲ್ಲ. ಯುರೋಪಿಯನ್ ಒಕ್ಕೂಟವಂತೂ 2018ರ ಸಂಹಿತೆಯಲ್ಲಿ, ಸಾಮಾನ್ಯ ಗ್ರಾಹಕರನ್ನು ಸಂಪರ್ಕ ಸೇವೆಯ ಒಪ್ಪಂದಕ್ಕೆ 24 ತಿಂಗಳಿಗಿಂತ ಹೆಚ್ಚು ಕಾಲ ಕಟ್ಟಿಹಾಕಬಾರದೆಂದು ಮಿತಿ ಹಾಕಿದೆ. ಅಲ್ಲಿನ ಕಂಪನಿಗಳೇನೂ ಇದರಿಂದ ಬಾಗಿಲು ಮುಚ್ಚಿಲ್ಲ.

ತಂದೆತಾಯಿಯರಿಗಾಗಿಯೋ ಮಕ್ಕಳ ಶಾಲೆಗಾಗಿಯೋ ತಾವಾಗಿಯೇ ಊರಿಗೆ ಮರಳುವವರಿಗೆ ಈ ರಕ್ಷಣೆ ಬೇಕೆಂದು ನಾನು ವಾದಿಸುವುದಿಲ್ಲ. ಅವರಿಗೆ ಯೋಚಿಸಲು ಕಾಲಾವಕಾಶವಿದೆ, ಕಂತು ಮುಗಿಸಿಯೇ ಹೊರಡಲಿ. ವೀಸಾ ಬಿಡುವಿನಲ್ಲಿ ಹೊರಡುವವರಿಗೆ ಎರಡರಲ್ಲೊಂದು ದೊರೆಯಲಿ: ಸುಸ್ಥಿತಿಯಲ್ಲಿರುವ ಫೋನನ್ನು ಒಪ್ಪಿಸಿ ಸಾಲ ಮುಗಿಸುವ ಅವಕಾಶ, ಅಥವಾ ಹಳೆಯ ಫೋನಿನ ಸಲ್ಲದ ಬೆಲೆಯನ್ನು ಬಾಕಿಯಿಂದ ಕಳೆದು ಉಳಿದುದನ್ನು ಕಟ್ಟುವ ಅವಕಾಶ. ಸ್ಯಾಕ್ರಮೆಂಟೋದ ಶಾಸನಸಭೆಯಲ್ಲಿರುವ ನಮ್ಮ ಪ್ರತಿನಿಧಿಗಳಿಗೆ ಇದನ್ನು ಬರೆದು ಕಳುಹಿಸಲು ನಮ್ಮ ಕೂಟಕ್ಕೆ ಯಾವ ಅಡ್ಡಿಯಿದೆ? ಚುನಾವಣೆ ಬಂದಾಗ ನಮ್ಮ ಯುಗಾದಿ, ದೀಪಾವಳಿಗಳಿಗೆ ಬಂದು ಹಾರ ಹಾಕಿಸಿಕೊಳ್ಳುವವರು ಒಂದು ಪತ್ರ ಓದಲಾರರೇ?

ಪತ್ರ ಫಲ ಕೊಡುವ ತನಕ ಕಾಯಲಾಗದವರು, ಈಗಾಗಲೇ ದಿನ ಎಣಿಸುತ್ತಿರುವವರು, ಹಳೆಯ ಫೋನಿನ ಲೆಕ್ಕವನ್ನು ಕಂಪನಿಯಿಂದ ಬರಹದಲ್ಲಿ ಕೇಳಿ ಪಡೆಯಿರಿ. ಉತ್ತರ ಸಮಾಧಾನ ತರದಿದ್ದರೆ ಫೆಡರಲ್ ಕಮ್ಯುನಿಕೇಷನ್ಸ್ ಕಮಿಷನ್‌ಗೆ ದೂರು ಕೊಡಿ. ಅದಕ್ಕೆ ಶುಲ್ಕವಿಲ್ಲ, ಬೆಂಗಳೂರಿನಿಂದಲೂ ಸಲ್ಲಿಸಬಹುದು, ದೂರು ಕಂಪನಿಗೆ ತಲುಪಿದ ಮೇಲೆ ಅದು 30 ದಿನಗಳೊಳಗೆ ಉತ್ತರಿಸಬೇಕು. ಇನ್ನು ನಿಮ್ಮ ಅಮೆರಿಕದ ಸಂಖ್ಯೆ. ಬ್ಯಾಂಕು, ನಿವೃತ್ತಿ ನಿಧಿಗಳ ಒಟಿಪಿ ಅದಕ್ಕೇ ಬರುವುದರಿಂದ ಅದನ್ನು ಉಳಿಸಿಕೊಳ್ಳುವುದು ಒಳ್ಳೆಯದು. ಗೂಗಲ್ ವಾಯ್ಸ್‌ಗೆ 20 ಡಾಲರ್ ಕೊಟ್ಟು ವರ್ಗಾಯಿಸಬಹುದು, ಆದರೆ ಕೆಲವು ಬ್ಯಾಂಕುಗಳು ಅಂಥ ಸಂಖ್ಯೆಗೆ ಒಟಿಪಿ ಕಳುಹಿಸುವುದಿಲ್ಲ, ಮೊದಲೇ ವಿಚಾರಿಸಿಕೊಳ್ಳಿ. ವರ್ಗಾವಣೆ ಪೂರ್ಣಗೊಳ್ಳುವ ತನಕ ಖಾತೆ ಮುಚ್ಚಿಸಬೇಡಿ. ಮುಚ್ಚಿದ ಖಾತೆಯ ಸಂಖ್ಯೆಯನ್ನು ಮರಳಿ ಪಡೆಯಲು ಅಲ್ಲಿಂದ ನಡುರಾತ್ರಿ ಎದ್ದು ಗ್ರಾಹಕ ಸೇವೆಗೆ ಕರೆ ಮಾಡಬೇಕಾಗುತ್ತದೆ, ಆಗಲೂ ಅದು ಸಿಕ್ಕುವ ಭರವಸೆಯಿಲ್ಲ.