ಹೊಸ ರೈಡ್ ಬಂದರೆ ಪಾರ್ಕಿಗೆ ಲಾಭ ಖಚಿತವೇ? ಹಾವೇರಿಗೆ ದೊಡ್ಡ ಪಾರ್ಕ್ ಯಾಕೆ ಬಂದಿಲ್ಲ?

ರಜೆ ಹತ್ತಿರ ಬಂದಂತೆ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಅಮ್ಯೂಸ್‌ಮೆಂಟ್ ಪಾರ್ಕುಗಳ ಬಗ್ಗೆ ಮೂರು ಬಗೆಯ ಮಾತು ಕೇಳಿಬರುತ್ತವೆ. ಒಂದು: 'ಹೊಸ ರೈಡ್ ಹಾಕಿದ್ದಾರೆ, ಇನ್ನು ಅವರಿಗೆ ದುಡ್ಡಿನ ಮಳೆ.' ಎರಡು: 'ಲಾಭ ಬಿದ್ದಿದೆ, ಪಾರ್ಕ್ ಮುಚ್ಚುವ ಹಂತದಲ್ಲಿದೆ.' ಮೂರು: 'ಬೆಂಗಳೂರಿಗೆ ಪಾರ್ಕ್ ಇದೆ, ಮೈಸೂರಿಗೆ ಇದೆ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಕಡೆ ಹೈವೇ ಪಕ್ಕ ಹತ್ತು ಎಕರೆಯಲ್ಲಿ ಯಾರಾದರೂ ಶುರು ಮಾಡಿದರೆ ಬಂಗಾರದ ಗಣಿ.'

ಮೂರೂ ಕೇಳಲು ಸರಿ ಅನ್ನಿಸುತ್ತವೆ, ಆದರೆ ಮೂರರಲ್ಲೂ ಅರ್ಧ ಲೆಕ್ಕ ಬಿಟ್ಟುಹೋಗಿದೆ. ಮೂರನೆಯದನ್ನು ನಂಬಿ ಯಾರಾದರೂ ಹೊಲ ಮಾರಿ ಹಣ ಹಾಕಿದರೆ ನಷ್ಟ ಒಂದು ಮನೆತನದ್ದಾಗುತ್ತದೆ. ಆದ್ದರಿಂದ ಆ ಉಳಿದರ್ಧ ಲೆಕ್ಕವನ್ನು ನಾವಿಲ್ಲಿ ಪೂರ್ತಿ ಮಾಡಿ ನೋಡೋಣ.

ಪಾರ್ಕಿನ ಖರ್ಚು ಎಂಥದ್ದು?

ಬ್ಯಾಡಗಿಯ ಮೆಣಸಿನಕಾಯಿ ಕೋಲ್ಡ್ ಸ್ಟೋರೇಜ್ ನೆನಪಿಸಿಕೊಳ್ಳಿ. ಒಳಗೆ ಪೂರ್ತಿ ಚೀಲ ತುಂಬಿರಲಿ, ಅರ್ಧವೇ ತುಂಬಿರಲಿ, ಯಂತ್ರ ಓಡಲೇಬೇಕು, ಕೆಲಸದವರ ಸಂಬಳ ಕೊಡಲೇಬೇಕು, ಬ್ಯಾಂಕಿನ ಕಂತು ಕಟ್ಟಲೇಬೇಕು. ಚೀಲ ಹೆಚ್ಚಾದಂತೆ ಖರ್ಚು ಸ್ವಲ್ಪ ಏರುತ್ತದೆ, ಬಾಡಿಗೆ ಮಾತ್ರ ಬಹಳ ಏರುತ್ತದೆ. ಅಲ್ಲಿನ ಲಾಭ ನಷ್ಟ ನಿಂತಿರುವುದು ಎಷ್ಟು ಜಾಗ ತುಂಬಿದೆ ಎನ್ನುವುದರ ಮೇಲೆ.

ಪಾರ್ಕ್ ಕೂಡ ಹಾಗೆಯೇ. ರೋಲರ್ ಕೋಸ್ಟರ್‌ನಲ್ಲಿ 4 ಜನ ಕೂತರೂ 24 ಜನ ಕೂತರೂ ಆ ಸುತ್ತಿನ ಕರೆಂಟು, ಆಪರೇಟರ್ ಸಂಬಳ, ಬೆಳಗಿನ ತಪಾಸಣೆ ಹೆಚ್ಚುಕಡಿಮೆ ಅಷ್ಟೇ. ಜನ ಬಾರದ ದಿನವೂ ಖರ್ಚು ನಿಲ್ಲುವುದಿಲ್ಲ.

ಇದು ಎದ್ದು ಕಂಡದ್ದು ಕೋವಿಡ್ ಕಾಲದಲ್ಲಿ. ವಂಡರ್‌ಲಾ ಹಾಲಿಡೇಸ್ ಕಂಪನಿ 2000ರಲ್ಲಿ ಕೊಚ್ಚಿಯಲ್ಲಿ ವೀಗಾಲ್ಯಾಂಡ್ ಆಗಿ ಶುರುವಾಗಿ, 2005ರಲ್ಲಿ ಬೆಂಗಳೂರಿನ ಬಿಡದಿ ಬಳಿಗೂ, 2016ರಲ್ಲಿ ಹೈದರಾಬಾದಿಗೂ ಬಂತು. ಷೇರುಪೇಟೆಯಲ್ಲಿರುವ ಕಂಪನಿಯಾದ್ದರಿಂದ ಅದರ ಲೆಕ್ಕ ಯಾರು ಬೇಕಾದರೂ ನೋಡಬಹುದು. 2019-20ರಲ್ಲಿ ಸುಮಾರು ₹270 ಕೋಟಿ ಇದ್ದ ಅದರ ವಹಿವಾಟು 2020-21ರಲ್ಲಿ ₹40 ಕೋಟಿಗೂ ಕಡಿಮೆಯಾಯಿತು. ಆ ವರ್ಷ ಸುಮಾರು ₹50 ಕೋಟಿ ನಷ್ಟ. ಗೇಟು ಮುಚ್ಚಿದ್ದರೂ ಖರ್ಚಿನ ಬಾಗಿಲು ತೆರೆದೇ ಇತ್ತು.

ಹೊಸ ರೈಡ್ ತಾನೇ ದುಡಿಯುತ್ತದೆಯೇ?

ಜಾತ್ರೆಯ ತೊಟ್ಟಿಲಿಗೆ ನಾವು ಪ್ರತಿ ಸಲ ದುಡ್ಡು ಕೊಟ್ಟು ಕೂರುತ್ತೇವೆ. ಆ ತೊಟ್ಟಿಲು ದಿನಕ್ಕೆ ಎಷ್ಟು ದುಡಿಯಿತು ಎಂದು ಸಂಜೆಗೇ ಹೇಳಬಹುದು. ವಂಡರ್‌ಲಾ ಥರದ ಪಾರ್ಕಿನಲ್ಲಿ ಹಾಗಿಲ್ಲ. ಗೇಟಿನಲ್ಲಿ ಒಂದೇ ಟಿಕೆಟ್, ಒಳಗೆ ಹೆಚ್ಚುಕಡಿಮೆ ಎಲ್ಲ ರೈಡ್. ಅಲ್ಲಿ ಹೊಸ ರೈಡ್ ನೇರವಾಗಿ ಒಂದು ರೂಪಾಯಿಯನ್ನೂ ತರುವುದಿಲ್ಲ. ಅದು ಮೂರು ದಾರಿಯಲ್ಲಿ ಮಾತ್ರ ದುಡಿಯಬಲ್ಲದು. ಬಾರದವರನ್ನು ಬರಿಸಬೇಕು, ಒಮ್ಮೆ ಬಂದವರನ್ನು ಮತ್ತೆ ಕರೆಸಬೇಕು, ಇಲ್ಲವೇ ಟಿಕೆಟ್ ದರ ಏರಿಸಿದರೂ ಜನ ಒಪ್ಪುವಂತೆ ಮಾಡಬೇಕು.

ಒಂದು ಉದಾಹರಣೆ ಲೆಕ್ಕ ಹಾಕೋಣ. ಇವು ಯಾವುದೇ ಪಾರ್ಕಿನ ನಿಜವಾದ ಅಂಕಿಗಳಲ್ಲ, ವಿಷಯ ತಿಳಿಯಲೆಂದು ಹಿಡಿದುಕೊಂಡವು. ಒಂದು ರೈಡ್‌ಗೆ ₹30 ಕೋಟಿ, ಅದರ ಆಯುಷ್ಯ 15 ವರ್ಷ. ಆಗ ವರ್ಷಕ್ಕೆ ₹2 ಕೋಟಿಯಂತೆ ಅದರ ಬೆಲೆ ಸವೆಯುತ್ತದೆ. ಪೂರ್ತಿ ಸಾಲ ತಂದಿದ್ದರೆ ಶೇ 9ರ ಬಡ್ಡಿಯಲ್ಲಿ ಮೊದಲ ವರ್ಷವೇ ₹2.7 ಕೋಟಿ. ಕರೆಂಟು, ಬಿಡಿಭಾಗ, ವಿಮೆ, ಆಪರೇಟರ್ ಸಂಬಳಕ್ಕೆ ₹1 ಕೋಟಿ ಇಡೋಣ. ಒಟ್ಟು ₹5.7 ಕೋಟಿ. ಹೊಸದಾಗಿ ಬಂದ ಒಬ್ಬರಿಂದ ತೆರಿಗೆ, ಊಟದ ಖರ್ಚು ಎಲ್ಲ ಕಳೆದು ₹500 ಉಳಿಯುತ್ತದೆ ಎಂದುಕೊಂಡರೆ, ವರ್ಷಕ್ಕೆ 1,14,000 ಜನ ಹೆಚ್ಚುವರಿಯಾಗಿ ಬರಬೇಕು. ದಿನಕ್ಕೆ ಸರಾಸರಿ 312 ಜನ, ಮಳೆಗಾಲದ ಮಂಗಳವಾರವೂ ಸೇರಿ. ಇಷ್ಟು ಬಂದರೂ ಲಾಭವಿಲ್ಲ, ನಷ್ಟ ತಪ್ಪಿತು ಅಷ್ಟೇ.

ನಾವು ಕೊಡುವ ಟಿಕೆಟ್ ಹಣ ಪೂರ್ತಿ ಪಾರ್ಕಿಗೆ ಹೋಗುವುದಿಲ್ಲ ಎನ್ನುವುದೂ ನೆನಪಿರಲಿ. 2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗ ಪಾರ್ಕ್ ಟಿಕೆಟ್ ಮೇಲೆ ಶೇ 28 ತೆರಿಗೆ ಇತ್ತು. 2018ರ ಜನವರಿಯಲ್ಲಿ ಅದನ್ನು ಶೇ 18ಕ್ಕೆ ಇಳಿಸಲಾಯಿತು. ಈ ದರದಲ್ಲಿ ನೀವು ₹1,180 ಕೊಟ್ಟರೆ ಅದರಲ್ಲಿ ₹180 ತೆರಿಗೆ.

ಮತ್ತೆ ಯಾಕೆ ಹೊಸ ರೈಡ್ ಹಾಕುತ್ತಾರೆ?

ಹಾಕದಿದ್ದರೆ ಇರುವ ಜನವೂ ಕಡಿಮೆಯಾಗುತ್ತಾರೆ, ಅದಕ್ಕೆ. ಒಮ್ಮೆ ಎಲ್ಲ ರೈಡ್ ನೋಡಿದವರಿಗೆ ಮತ್ತೆ ಹೋಗಲು ಒಂದು ನೆಪ ಬೇಕು. ಹಾಗಾಗಿ ಎಷ್ಟೋ ಸಲ ಹೊಸ ರೈಡ್ ಬರುವುದು ಲಾಭ ಹೆಚ್ಚಿಸಲು ಅಲ್ಲ, ಇದ್ದಷ್ಟನ್ನು ಉಳಿಸಿಕೊಳ್ಳಲು. 1955ರಿಂದ ಪಾರ್ಕ್ ನಡೆಸುತ್ತಿರುವ ಡಿಸ್ನಿ ಕಂಪನಿಯೂ ಇದರಿಂದ ತಪ್ಪಿಸಿಕೊಂಡಿಲ್ಲ. ಪಾರ್ಕು ಮತ್ತು ಹಡಗು ಪ್ರವಾಸದ ವಿಭಾಗಕ್ಕೆ ಹತ್ತು ವರ್ಷಗಳಲ್ಲಿ ಸುಮಾರು 6,000 ಕೋಟಿ ಡಾಲರ್ ಹಾಕುವುದಾಗಿ ಅದು 2023ರಲ್ಲಿ ಹೇಳಿತು.

ಲಾಭ ಬಿದ್ದರೆ ಪಾರ್ಕ್ ಮುಚ್ಚುತ್ತದೆಯೇ?

ವಂಡರ್‌ಲಾ ಲಾಭ 2023-24ರಲ್ಲಿ ಸುಮಾರು ₹158 ಕೋಟಿ ಇತ್ತು, 2024-25ರಲ್ಲಿ ಸುಮಾರು ₹109 ಕೋಟಿಗೆ ಇಳಿಯಿತು. 'ಶೇ 30 ಕುಸಿತ' ಎಂದು ಬರೆದರೆ ಸುಳ್ಳಲ್ಲ. ಆದರೆ ಆ ವರ್ಷ ಕಂಪನಿ ಭುವನೇಶ್ವರದಲ್ಲಿ ಹೊಸ ಪಾರ್ಕ್ ತೆರೆದಿತ್ತು. ಅದರ ಸವಕಳಿ ವೆಚ್ಚ ಮೊದಲ ವರ್ಷದಿಂದಲೇ ಲೆಕ್ಕಕ್ಕೆ ಬರುತ್ತದೆ, ಜನ ಮಾತ್ರ ನಿಧಾನವಾಗಿ ಬರುತ್ತಾರೆ. ಸಿಬ್ಬಂದಿ ವೆಚ್ಚವೂ ಏರಿತ್ತು, ಹಳೆಯ ಪಾರ್ಕುಗಳಿಗೆ ಬಂದವರ ಸಂಖ್ಯೆಯೂ ಕಡಿಮೆಯಾಗಿತ್ತು. ಇವುಗಳಲ್ಲಿ ಕೊನೆಯದು ನಿಜಕ್ಕೂ ಚಿಂತೆಯ ವಿಷಯ. ಮೊದಲನೆಯದು ಬೆಳವಣಿಗೆಯ ಖರ್ಚು. ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕಬಾರದು. ಅದೇ ಕಂಪನಿ 2024ರ ಡಿಸೆಂಬರಿನಲ್ಲಿ ಹೂಡಿಕೆದಾರರಿಂದ ₹540 ಕೋಟಿ ಎತ್ತಿತು, 2025ರ ಡಿಸೆಂಬರಿನಲ್ಲಿ ಚೆನ್ನೈನಲ್ಲಿ ಐದನೆಯ ಪಾರ್ಕ್ ತೆರೆಯಿತು.

ಮೂರು ತಿಂಗಳ ಲೆಕ್ಕ ನೋಡಿ ಹೆದರುವುದೂ ತಪ್ಪು. ಏಪ್ರಿಲ್‌ನಿಂದ ಜೂನ್ ಶಾಲೆಗೆ ರಜೆ, ಸೆಕೆ, ನೀರಾಟ. ಜುಲೈನಿಂದ ಸೆಪ್ಟೆಂಬರ್ ಮಳೆ, ಪರೀಕ್ಷೆ. 2024ರ ಏಪ್ರಿಲ್–ಜೂನ್‌ನಲ್ಲಿ ವಂಡರ್‌ಲಾ ವಹಿವಾಟು ₹170 ಕೋಟಿ ದಾಟಿತ್ತು, ಮುಂದಿನ ಮೂರು ತಿಂಗಳಲ್ಲಿ ₹70 ಕೋಟಿಯೂ ಆಗಲಿಲ್ಲ. ಮೆಣಸಿನಕಾಯಿ ಸುಗ್ಗಿಯ ಆವಕವನ್ನು ಆಗಸ್ಟಿನ ಆವಕದ ಪಕ್ಕ ಇಟ್ಟು 'ಮಾರ್ಕೆಟ್ ಮುಳುಗಿತು' ಎನ್ನುವುದಿಲ್ಲವಲ್ಲ, ಹಾಗೆಯೇ. ಹೋಲಿಸಬೇಕಾದ್ದು ಹಿಂದಿನ ವರ್ಷದ ಅದೇ ಮೂರು ತಿಂಗಳ ಜೊತೆ.

ಹಾಗಾದರೆ ಪಾರ್ಕುಗಳು ಮುಳುಗುವುದು ಯಾವಾಗ? ಮುಂಬೈ–ಪುಣೆ ನಡುವೆ ಖೋಪೋಲಿಯಲ್ಲಿ 2013ರಲ್ಲಿ ಶುರುವಾದ ಇಮ್ಯಾಜಿಕಾ ಇದಕ್ಕೆ ಉತ್ತರ. ರೈಡ್‌ಗಳು ಚೆನ್ನಾಗಿದ್ದವು, ಎರಡು ದೊಡ್ಡ ನಗರಗಳು ಪಕ್ಕದಲ್ಲೇ ಇದ್ದವು. ಆದರೆ ಕಟ್ಟಿದ್ದು ಭಾರೀ ಸಾಲದ ಮೇಲೆ. ಅಂದುಕೊಂಡಷ್ಟು ಜನ ಬರಲಿಲ್ಲ, ಕಂತು ಕಟ್ಟಲಾಗಲಿಲ್ಲ. ಕೊನೆಗೆ 2022ರಲ್ಲಿ ಅದು ಮಾಲ್ಪಾನಿ ಸಮೂಹದ ಕೈಸೇರಿತು. ಹೆಚ್ಚು ಸಾಲವಿಲ್ಲದ ವಂಡರ್‌ಲಾ ಕೋವಿಡ್ ನಷ್ಟವನ್ನು ತಡೆದುಕೊಂಡಿತು, ಸಾಲದ ಮೇಲೆ ನಿಂತಿದ್ದ ಇಮ್ಯಾಜಿಕಾಗೆ ಆಗಲಿಲ್ಲ. ಪಾರ್ಕ್ ಉಳಿಯುತ್ತದೋ ಇಲ್ಲವೋ ಎಂದು ತಿಳಿಯಲು ಲಾಭದ ಶೇಕಡಾವಾರಿಗಿಂತ ಸಾಲದ ಸಾಲು ನೋಡುವುದು ಒಳ್ಳೆಯದು.

ಹಾವೇರಿಗೆ ಯಾಕೆ ಬರಲ್ಲ?

ಈಗ ನಮ್ಮ ಊರಿನ ಲೆಕ್ಕಕ್ಕೆ ಬರೋಣ. 2023-24ರಲ್ಲಿ ವಂಡರ್‌ಲಾದ ಮೂರು ಪಾರ್ಕುಗಳಿಗೆ ಬಂದವರು 32 ಲಕ್ಷಕ್ಕೂ ಹೆಚ್ಚು. ಅಂದರೆ ಸರಾಸರಿ ಒಂದು ಪಾರ್ಕಿಗೆ ವರ್ಷಕ್ಕೆ ಹತ್ತು ಲಕ್ಷಕ್ಕೂ ಮೇಲೆ. ಟಿಕೆಟ್, ಊಟ, ಅಂಗಡಿ ಸೇರಿ ಒಬ್ಬರಿಂದ ಬಂದದ್ದು ಸುಮಾರು ₹1,500. 2011ರ ಜನಗಣತಿಯಲ್ಲಿ ಇಡೀ ಹಾವೇರಿ ಜಿಲ್ಲೆಯ ಜನಸಂಖ್ಯೆ ಸುಮಾರು 16 ಲಕ್ಷ. ರಾಣೆಬೆನ್ನೂರು ಒಂದು ಲಕ್ಷ ದಾಟಿತ್ತು, ಹಾವೇರಿ ಪಟ್ಟಣ 67 ಸಾವಿರ, ಬ್ಯಾಡಗಿ ಸುಮಾರು 30 ಸಾವಿರ. ಅಂಥ ಒಂದು ಪಾರ್ಕ್ ಇಲ್ಲಿನ ಜನರಿಂದಲೇ ನಡೆಯಬೇಕೆಂದರೆ ಜಿಲ್ಲೆಯ ಮೂವರಲ್ಲಿ ಇಬ್ಬರು, ಕೂಸು ಮುದುಕರೂ ಸೇರಿ, ಪ್ರತಿ ವರ್ಷ ತಪ್ಪದೆ ತಲಾ ₹1,500 ಖರ್ಚು ಮಾಡಬೇಕು. ಐದು ಜನರ ಮನೆಗೆ ₹7,500, ದಾರಿಖರ್ಚು ಬೇರೆ.

'ಹುಬ್ಬಳ್ಳಿ–ಧಾರವಾಡ, ದಾವಣಗೆರೆ ಕೂಡ ಸೇರಿಸಿ' ಎಂದು ನೀವು ಕೇಳಬಹುದು. ನ್ಯಾಯವಾದ ಮಾತು. ಸೇರಿಸಿದರೆ ಚಿಕ್ಕ ಗಾತ್ರದ ಪಾರ್ಕಿನ ಲೆಕ್ಕ ಕೂಡಬಹುದು. ಭುವನೇಶ್ವರದ ಪಾರ್ಕ್ ಹಾಗೆ ಆದದ್ದು. ಒಡಿಶಾ ಸರ್ಕಾರ 50 ಎಕರೆ ಜಾಗ ಗುತ್ತಿಗೆಗೆ ಕೊಟ್ಟಿತು, ಕಂಪನಿ ಸುಮಾರು ₹190 ಕೋಟಿಯಲ್ಲಿ ಕಟ್ಟಿತು. 'ಚಿಕ್ಕದು' ಎಂದರೂ ಮೊತ್ತ ಇಷ್ಟು. ಹತ್ತು ಎಕರೆ ಮತ್ತು ಬ್ಯಾಂಕ್ ಸಾಲದಿಂದ ಆಗುವ ಕೆಲಸ ಇದಲ್ಲ.

ನಮ್ಮಲ್ಲಿ ನಡೆದು ಬಂದ ಎರಡು ದಾರಿ

ಹಾಗೆಂದು ನಮ್ಮ ಭಾಗದಲ್ಲಿ ಈ ವ್ಯಾಪಾರವೇ ಇಲ್ಲ ಎಂದಲ್ಲ. ಅದರ ರೂಪ ಬೇರೆ. ಜಾತ್ರೆಗೆ ಬರುವ ತೊಟ್ಟಿಲು, ಡ್ರ್ಯಾಗನ್ ರೈಲಿನವರು ಇದೇ ಸಮಸ್ಯೆಯನ್ನು ತಿರುಗಿಸಿ ಬಿಡಿಸಿದ್ದಾರೆ. ಜನರನ್ನು ರೈಡ್ ಬಳಿಗೆ ಕರೆಯುವ ಬದಲು ಜನ ಸೇರುವಲ್ಲಿಗೆ ರೈಡ್ ಒಯ್ಯುತ್ತಾರೆ. ಸುಗ್ಗಿ ಮುಗಿದು ಕೈಯಲ್ಲಿ ನಾಲ್ಕು ಕಾಸು ಇರುವ ಹೊತ್ತಿಗೇ ಹೆಚ್ಚಿನ ಜಾತ್ರೆಗಳು ಬರುತ್ತವೆ. ಇಲ್ಲಿ ಮುಗಿದರೆ ಮುಂದಿನ ಊರು. ಹೊಸತನ ಸವೆಯುವ ಮೊದಲೇ ಗಾಡಿ ಕಟ್ಟಿರುತ್ತಾರೆ.

ಇನ್ನೊಂದು ದಾರಿ ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್. ಕಲಾವಿದ ಟಿ.ಬಿ. ಸೊಲಬಕ್ಕನವರ ಹೆದ್ದಾರಿ ಪಕ್ಕ ಕಟ್ಟಿದ ಈ ತೋಟದಲ್ಲಿ ಮುಖ್ಯ ಆಕರ್ಷಣೆ ರೋಲರ್ ಕೋಸ್ಟರ್ ಅಲ್ಲ. ಉಳುವವರು, ಬೀಸುವವರು, ಎತ್ತು ಎಮ್ಮೆ, ಸಂತೆ ಹೀಗೆ ಉತ್ತರ ಕರ್ನಾಟಕದ ಹಳ್ಳಿ ಬದುಕೇ ಪ್ರತಿಮೆಗಳಾಗಿ ನಿಂತಿದೆ. ಡಾ. ರಾಜ್‌ಕುಮಾರ್ ಪಾತ್ರಗಳ ಪ್ರತಿಮೆಗಳೂ ಇವೆ. ಸೊಲಬಕ್ಕನವರ 2020ರಲ್ಲಿ ತೀರಿಕೊಂಡರು, ತೋಟ ಜನರನ್ನು ಕರೆಯುತ್ತಲೇ ಇದೆ. ವ್ಯಾಪಾರದ ಕಣ್ಣಿನಿಂದ ನೋಡಿದರೆ ಇದರ ಜಾಣತನ ಕಾಣುತ್ತದೆ. ಪ್ರತಿಮೆಗೆ ಮೋಟಾರ್ ಬೇಡ, ಬಿಡಿಭಾಗ ಬೇಡ. ಬಣ್ಣ, ರಿಪೇರಿ, ಕಾವಲಿನ ಖರ್ಚು ಇದೆ, ಆದರೆ ಜನ ಬಾರದ ದಿನ ಅದು ಮಾಲೀಕನ ಕುತ್ತಿಗೆ ಹಿಡಿಯುವುದಿಲ್ಲ. ಮೇಲಾಗಿ ಬೆಂಗಳೂರಿನಲ್ಲೂ ಸಿಗುವ ರೈಡ್‌ಗೆ ಯಾರೂ ಇಷ್ಟು ದೂರ ಬರುವುದಿಲ್ಲ, ಬೇರೆಲ್ಲೂ ಇಲ್ಲದ್ದನ್ನು ನೋಡಲು ಬರುತ್ತಾರೆ.

ಉಳಿತಾಯ ಎಲ್ಲಿ ಮಾಡುತ್ತಾರೆ ಎನ್ನುವ ಪ್ರಶ್ನೆ

ಇಷ್ಟೂ ಲೆಕ್ಕ ನಮ್ಮ ಮಕ್ಕಳ ಸುರಕ್ಷತೆಗೆ ಬಂದು ತಾಗುತ್ತದೆ. ಹೊಸ ರೈಡ್ ಫೋಟೊದಲ್ಲಿ ಕಾಣುತ್ತದೆ, ಬದಲಾಯಿಸಿದ ಬೋಲ್ಟ್ ಕಾಣುವುದಿಲ್ಲ. ಹಣ ಬಿಗಿಯಾದಾಗ ಮೊದಲು ಕತ್ತರಿ ಬೀಳುವ ಅಪಾಯ ಇರುವುದು ಕಾಣದ ಖರ್ಚಿಗೆ. 2019ರ ಜುಲೈನಲ್ಲಿ ಅಹಮದಾಬಾದಿನ ಕಾಂಕರಿಯಾದಲ್ಲಿ ಲೋಲಕದಂತೆ ತೂಗುವ ರೈಡ್ ಮುರಿದುಬಿದ್ದು ಇಬ್ಬರು ಸತ್ತರು, ಇಪ್ಪತ್ತಕ್ಕೂ ಹೆಚ್ಚು ಜನ ಗಾಯಗೊಂಡರು. 2022ರ ಸೆಪ್ಟೆಂಬರಿನಲ್ಲಿ ಮೊಹಾಲಿಯ ಮೇಳದಲ್ಲಿ ಎತ್ತರದಿಂದ ಜಾರಿಬಿದ್ದ ರೈಡ್‌ನ ವಿಡಿಯೊ ನಿಮ್ಮ ಮೊಬೈಲಿಗೂ ಬಂದಿರಬಹುದು. ರೈಡ್‌ಗಳ ಸುರಕ್ಷತೆಗೆ ಭಾರತದಲ್ಲಿ ಐಎಸ್ 15475 ಎಂಬ ಮಾನದಂಡವಿದೆ. ಆದರೆ ಕೂರುವ ಮುನ್ನ ನೋಡಬೇಕಾದ್ದನ್ನು ನಾವೇ ನೋಡಬೇಕು. ಬೆಲ್ಟು, ಲಾಕು ಗಟ್ಟಿ ಇವೆಯೇ? ಎತ್ತರ, ವಯಸ್ಸಿನ ಮಿತಿ ಪಾಲಿಸುತ್ತಿದ್ದಾರೆಯೇ? ಒಂದು ಸೀಟಿಗೆ ಹೆಚ್ಚು ಜನ ತುಂಬುತ್ತಿದ್ದಾರೆಯೇ? ಆಪರೇಟರ್ ಸ್ವಿಚ್ ಬಳಿಯೇ ಇದ್ದಾನೆಯೇ? ಒಂದಕ್ಕೆ ತಪ್ಪು ಉತ್ತರ ಬಂದರೂ ಕೂರಬೇಡಿ.

ಫಾರ್ವರ್ಡ್ ಮಾಡುವ ಮುನ್ನ

'ಹೊಸ ರೈಡ್, ಭಾರೀ ಲಾಭ' ಎಂದಿದ್ದರೆ ಕೇಳಿ: ಅದಕ್ಕೆ ಎಷ್ಟು ಖರ್ಚಾಯಿತು, ಹಣ ಸಾಲದ್ದೋ ಸ್ವಂತದ್ದೋ?

'ಲಾಭ ಕುಸಿತ' ಎಂದಿದ್ದರೆ ಕೇಳಿ: ಯಾವ ತಿಂಗಳನ್ನು ಯಾವುದಕ್ಕೆ ಹೋಲಿಸಿದ್ದಾರೆ? ಬಂದವರ ಸಂಖ್ಯೆ ಇಳಿದಿದೆಯೋ, ಹೊಸ ಪಾರ್ಕಿನ ಖರ್ಚು ಏರಿದೆಯೋ?

'ನಮ್ಮೂರಲ್ಲಿ ಪಾರ್ಕ್, ಈಗಲೇ ಹಣ ಹಾಕಿ, ತಿಂಗಳಿಗೆ ಇಷ್ಟು ಗ್ಯಾರಂಟಿ' ಎಂದಿದ್ದರೆ ಕೇಳಿ: ವರ್ಷಕ್ಕೆ ಎಷ್ಟು ಜನ ಬರಬೇಕು, ಅವರು ಎಲ್ಲಿಂದ ಬರುತ್ತಾರೆ? ಮಳೆಗಾಲ ಬಂದರೆ ಆದಾಯ ಅರ್ಧಕ್ಕೂ ಕೆಳಗಿಳಿಯಬಲ್ಲ ವ್ಯಾಪಾರದಲ್ಲಿ ತಿಂಗಳ ಗ್ಯಾರಂಟಿ ಕೊಡಲು ಯಾರಿಗೂ ಸಾಧ್ಯವಿಲ್ಲ. ಅಂಥ ಮೆಸೇಜು ಬಂದರೆ ಮುಂದಕ್ಕೆ ಕಳಿಸಬೇಡಿ. ಕಳಿಸಿದವರಿಗೆ ಈ ಲೆಕ್ಕ ಕಳಿಸಿ.